ಚಂಪಾಕಾಕುವಿನ ಕರೆಂಟ್ ಕುಕ್ಕರ್

ಬಸ್ಸು ಹಿಡಿಯಲು ಓಡುವವರನ್ನು ಎಲ್ಲರೂ ನೋಡಿರುತ್ತಾರೆ. ಸೂರ್ಯನನ್ನು ಹಿಡಿಯಲು ಓಡುವವರನ್ನು ನಾನು ಕಂಡದ್ದು ಗೋಕಾಕದಲ್ಲಿ, ಮದುವೆಯಾಗಿ ಬಂದ ಹೊಸತರಲ್ಲಿ. ಸಂಜೆಯಾದರೆ ಸಾಕು, ನಮ್ಮ ಓಣಿಯ ತುದಿಯಲ್ಲಿ ಪಕ್ಕದ ಮನೆಯ ಚಂಪಾಕಾಕು ಕಾಣಿಸಿಕೊಳ್ಳುತ್ತಿದ್ದರು. ಒಂದು ಕೈಯಲ್ಲಿ ಅಂಗಡಿಯ ಕೀಲಿ ಗೊಂಚಲು, ಇನ್ನೊಂದು ಕೈ ಹಣೆಗೆ ಅಡ್ಡ, ಕಣ್ಣು ಪಡುವಣದ ಗುಡ್ಡದ ಮೇಲೆ. ಕಾಲುಗಳು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು. ಕೊರಳಿಂದ ತೆಗೆಯಲು ಮರೆತ ಅಳತೆಯ ಟೇಪು ಹಿಂದೆ ಹಾರಾಡುತ್ತ ಬರುತ್ತಿತ್ತು.

ಕಾಕು ಜೈನರು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ಹಣ್ಣಿಲ್ಲ, ಒಂದು ಗುಟುಕು ನೀರೂ ಇಲ್ಲ. ಈ ನೇಮ ಅವರ ಮನೆತನದಲ್ಲಿ ಎಲ್ಲರಿಗೂ ಇತ್ತು. ಉಳಿದವರಿಗೆ ಅದು ಕಷ್ಟವಾಗಿರಲಿಲ್ಲ, ಏಕೆಂದರೆ ಉಳಿದವರು ಕಾಕುವಿನಂತೆ ಮಾತಾಡುತ್ತಿರಲಿಲ್ಲ. ಅವರ ಗಂಡ ಕಾಕಾನ ಮೊಣಕಾಲು ಹಿಡಿದುಕೊಂಡ ಮೇಲೆ ಬಜಾರಿನಲ್ಲಿ ರವಿಕೆ ಬಟ್ಟೆ ಮಾರುವ ಅವರ ಜಂಪರ್ ಪೀಸ್ ಅಂಗಡಿಯಲ್ಲಿ ಕೂರುತ್ತಿದ್ದವರು ಕಾಕುವೇ. ಬಂದ ಗಿರಾಕಿಯನ್ನು ಬರಿಗೈಲಿ ಕಳಿಸುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಬಟ್ಟೆಯ ತುದಿಯನ್ನು ಹೆಣ್ಣುಮಗಳ ಕೆನ್ನೆಯ ಪಕ್ಕ ಹಿಡಿದು, ತಲೆ ಓರೆಮಾಡಿ, "ನೋಡವ್ವಾ, ಈ ಬಣ್ಣಾ ಮೂರ ತಿಂಗಳಿಂದ ನಿನ್ನ ಹಾದಿ ಕಾಯಾಕತ್ತಿತ್ತು. ಎಷ್ಟ ಮಂದಿ ಕೇಳಿದ್ರೂ ಹೋಗವಲ್ಲದಾಗಿತ್ತು" ಎನ್ನುತ್ತಿದ್ದರು. ಆಮೇಲೆ ಆ ಹೆಣ್ಣುಮಗಳ ತವರಿನ ಸುದ್ದಿ, ಅತ್ತೆಯ ಸುದ್ದಿ, ಎಮ್ಮೆಯ ಸುದ್ದಿ. ಅಷ್ಟರಲ್ಲಿ ಗುಡ್ಡದ ನೆತ್ತಿ ಕೆಂಪಾಗಿರುತ್ತಿತ್ತು.

ಮನೆಗೆ ಓಡಿಬಂದು ಕುಕ್ಕರ್ ಇಟ್ಟರೆ ಸೀಟಿಯ ಲೆಕ್ಕ ತಪ್ಪುತ್ತಿತ್ತು, ಇಲ್ಲವೇ ಬಾಗಿಲಲ್ಲಿ ಯಾರೋ ಸೀರೆಯ ಸೆರಗು ಹಿಡಿದು ಮ್ಯಾಚಿಂಗ್ ಕೇಳುತ್ತ ನಿಂತಿರುತ್ತಿದ್ದರು. ಕಾಕು ಎದ್ದು ಮತ್ತೆ ಅಂಗಡಿಗೆ ಹೋಗುತ್ತಿದ್ದರು. ತಿರುಗಿ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. "ಇವತ್ತೂ ಅಂವನ ಗೆದ್ದ ನೋಡು" ಎಂದು ನಗುತ್ತ, ಬಿಸಿ ಅನ್ನವನ್ನು ಸ್ಟೀಲ್ ಡಬ್ಬಿಗೆ ತುಂಬಿ, ಗೋಡೆಯ ಮೇಲಿಂದ ನನಗೆ ದಾಟಿಸುತ್ತಿದ್ದರು. ಕಾಕಾ ಅಷ್ಟರಲ್ಲಿ ಮುಂಜಾನೆಯ ರೊಟ್ಟಿ ತಿಂದು ಆರಾಮಾಗಿ ಕುಳಿತಿರುತ್ತಿದ್ದರು. ನೀವೂ ಅದನ್ನೇ ತಿನ್ನಬಾರದೇ ಎಂದು ನಾನು ಕೇಳಿದರೆ, "ಮುಂಜಾನಿ ಅಡಗಿ ಸಂಜಿಕ ಉಣ್ಣೂದಂದ್ರ ನಿನ್ನಿನ ಪೇಪರ್ ಓದಿದಂಗ. ಬ್ಯಾಡವಾ" ಎನ್ನುತ್ತಿದ್ದರು.

ಗೋಕಾಕಕ್ಕೆ ಗುಡ್ಡ ಅಡ್ಡವಾದ್ದರಿಂದ ಸೂರ್ಯ ಬೇಗ ಕಣ್ಮರೆಯಾಗುತ್ತಾನೆ ಎಂಬುದು ಅವರ ದೊಡ್ಡ ತಕರಾರು. ಅವರ ತಂಗಿಯನ್ನು ಮೂಡಲಗಿಗೆ ಕೊಟ್ಟಿದ್ದರು. ಅಲ್ಲಿ ಬಯಲು ಎರೆಭೂಮಿ. ಕಾಕು ಆಗಾಗ ಫೋನು ಮಾಡಿ ವಿಚಾರಿಸುತ್ತಿದ್ದರು.

"ನಿಮ್ಮಲ್ಲೆ ಇನ್ನೂ ಅದಾನೇನ?"

ಫೋನಿನಿಂದ ತಂಗಿಯ ದನಿ ನಮ್ಮ ಅಂಗಳದವರೆಗೆ ಕೇಳುತ್ತಿತ್ತು. "ಅದಾನಕ್ಕಾ, ಕಬ್ಬಿನ ಮ್ಯಾಲ ಆರಾಮ ಕುಂತಾನ."

"ನೋಡ್ರಿ, ಅವರಿಗೆಂಥಾ ಚೈನಿ" ಎಂದು ಕಾಕಾನ ಕಡೆ ತಿರುಗುತ್ತಿದ್ದರು.

"ಹಂಗಾದ್ರ ಮೂಡಲಗಿ ಸೂರ್ಯಾನ ಹೆಸರ ಮ್ಯಾಲ ಗೋಕಾಕದಾಗ ಉಂಡಬಿಡು, ಯಾರ ಕೇಳ್ತಾರ" ಎನ್ನುತ್ತಿದ್ದರು ಕಾಕಾ.

"ಹಂಗ ಬರೂದಿಲ್ಲ. ನಮ್ಮೂರ ಸೂರ್ಯಾ ನಮಗ."

ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಡಬ್ಬಿ ವಾರದಲ್ಲಿ ನಾಲ್ಕೈದು ದಿನ ಗೋಡೆ ದಾಟತೊಡಗಿದಾಗ ಆ ಅನ್ನವನ್ನು ನಾನು ಉಣ್ಣದೆ ಯಜಮಾನರಿಗೇ ಬಡಿಸಿಬಿಡುತ್ತಿದ್ದೆ. ಕಾಕುವಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಒಂದು ದಿನ ಮುಂಜಾನೆ ಅಂಗಡಿಯ ಬಾಗಿಲು ತೆಗೆದವರು ಬಟ್ಟೆಯ ರಾಶಿಯ ಮೇಲೆ ಹಾಗೇ ಕುಸಿದು ಕುಳಿತರು. ಮೈಯೆಲ್ಲ ಬೆವರು. ಸುದ್ದಿ ಕೇಳಿ ನಾನೇ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: "ಗುಳಗಿ ನುಂಗಿ ಉಪವಾಸ ಮಲಕೊಂಡ್ರ ಒಂದ ದಿನಾ ಏಳೂದ ಇಲ್ರಿ. ಒಂದೋ ನೇಮಾ ಬಿಡ್ರಿ, ಇಲ್ಲಾ ಅಂಗಡಿ ಬಿಡ್ರಿ."

"ಎರಡೂ ಬಿಡೂದಿಲ್ರಿ ಸಾಹೇಬ್ರ. ಬೇಕಾದ್ರ ನಿಮ್ಮನ್ನ ಬಿಡ್ತೇನಿ" ಎಂದರು ಕಾಕು. ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ಹೊರಗೆ ಬಂದ ಮೇಲೆ ಕಾಕು ಮಾತ್ರ ನಗಲಿಲ್ಲ. ರಿಕ್ಷಾದಲ್ಲಿ ಕುಳಿತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಬಂದರು.

ದಾರಿ ತೋರಿಸಿದ್ದು ಮೂಡಲಗಿಯ ತಂಗಿಯೇ. ಅವರ ಸೊಸೆ ಹೊಸದೊಂದು ಕುಕ್ಕರ್ ತಂದಿದ್ದಳು. ಕರೆಂಟಿನದು. ಒಳಗೆ ಸಾಮಾನು ಹಾಕಿ ಗುಂಡಿ ಒತ್ತಿದರೆ ತಾನೇ ಬೇಯಿಸಿ ತಾನೇ ಆರುತ್ತದೆ. ಬೆಂಕಿಯಿಲ್ಲ, ಸೀಟಿಯಿಲ್ಲ, ಕಾಯುವ ಕೆಲಸವಿಲ್ಲ. ಕಾಕುವಿನ ಕಣ್ಣು ಅಗಲವಾಯಿತು. ಬಟ್ಟೆಯ ಅಂಗಡಿಯಲ್ಲಿ ಗ್ಯಾಸ್ ಒಲೆ ಇಡುವಂತಿಲ್ಲ. ಇದನ್ನು ದುಡ್ಡಿನ ಗಲ್ಲೆಯ ಕೆಳಗೇ ಇಡಬಹುದು. ಬೆಳಗಾವಿಯಲ್ಲಿ ವಿಚಾರಿಸಿದರೆ ರೇಟು ಕೈಗೆಟುಕುವಂತಿರಲಿಲ್ಲ. ಹುಕ್ಕೇರಿಯ ಒಂದು ಪಾತ್ರೆಗಳ ಭಾಂಡೆ ಅಂಗಡಿಯಲ್ಲಿ ಸೋವಿಯಾಗಿ ಸಿಗುತ್ತದೆ ಎಂದು ತಂಗಿ ಹೇಳಿದ್ದೇ ತಡ, ಕಾಕು ನನ್ನ ಬಾಗಿಲಿಗೆ ಬಂದರು.

"ಏ ಕಾನ್ವೆಂಟವ್ವಾ, ಸೀರಿ ಉಟ್ಕೊ. ಅದರ ಮ್ಯಾಲೆಲ್ಲಾ ಇಂಗ್ಲೀಷ್ ಬರದಿರ್ತಾರಂತ. ನೀ ಇಲ್ಲದ ಆಗೂದಿಲ್ಲ."

ಬೆಳಗಾವಿಯಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿದವಳೆಂದು ಅವರು ನನಗೆ ಇಟ್ಟ ಹೆಸರು ಅದು. ನಾನು ಹೊರಟೆ. ಬಸ್ಸಿನಲ್ಲಿ ಕಾಕುವಿನ ತೊಡೆಯ ಮೇಲೆ ದೊಡ್ಡ ಕೈಚೀಲವಿತ್ತು. ಏನಿದೆ ಎಂದು ಕೇಳಿದರೆ "ಇರಲಿ" ಎಂದರು.

ಭಾಂಡೆ ಅಂಗಡಿಯ ಮಾಲಕ ಬಿಳಿ ಅಂಗಿಯ, ನಯವಾಗಿ ತಲೆ ಬಾಚಿದ ಮನುಷ್ಯ. ಕುಕ್ಕರಿನ ಪೆಟ್ಟಿಗೆಯ ಒಂದು ಮೂಲೆ ಹರಿದಿತ್ತು. ಕಾಕು ಅದನ್ನೇ ಹಿಡಿದುಕೊಂಡು ರೇಟು ಇಳಿಸಲು ನೋಡಿದರು.

"ಬಾಯಾರ, ನೀವೇನು ಪೆಟ್ಟಿಗ್ಯಾಗ ಅನ್ನಾ ಮಾಡ್ತೀರೇನ್ರಿ?" ಎಂದ ಮಾಲಕ.

ಸರಿಜೋಡಿ ಸಿಕ್ಕಿತೆಂದು ಕಾಕು ಖುಷಿಯಾದರು. ಸೆರಗು ಬಿಗಿಮಾಡಿ, "ನಾನೂ ಅಂಗಡಿಯಾಕಿ ಅದೇನೆಪಾ. ನಾವು ಅರಿವಿ ಬಿಚ್ಚಿ ತೋರಸ್ತೇವಿ. ನೀನು ಬೇಯಿಸಿ ತೋರಸು" ಎಂದರು.

"ಅಕ್ಕಿ ಎಲ್ಲಿಂದ ತರಲಿ ಬಾಯಾರ?"

ಆಗ ಕೈಚೀಲ ಬಾಯಿ ತೆರೆಯಿತು. ಅಕ್ಕಿ, ಹೆಸರುಬೇಳೆ, ಪುಡಿಕೆಯಲ್ಲಿ ಜೀರಿಗೆ, ಅರಿಷಿಣ, ಉಪ್ಪು, ಸಣ್ಣ ಬಾಟಲಿಯಲ್ಲಿ ತುಪ್ಪ, ದೊಡ್ಡ ಬಾಟಲಿಯಲ್ಲಿ ಮನೆಯಲ್ಲೇ ಸೋಸಿದ ನೀರು. ಮಾಲಕ ಸೋತು ಪ್ಲಗ್ ಚುಚ್ಚಿದ. ಕರೆಂಟೇ ಇರಲಿಲ್ಲ.

"ಬರ್ತೈತ್ರಿ, ಈಗ ಬರ್ತೈತಿ" ಎಂದ. ನಾವು ಕುಳಿತೆವು. ಗೋಕಾಕದ ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಕಾಕು ಅಂಗಡಿಗೆ ಬಂದವರಿಗೆಲ್ಲ ಕೊಳಗ, ತಾಟು, ಸೌಟು ಆರಿಸಿಕೊಟ್ಟು ಮಾಲಕನ ವ್ಯಾಪಾರ ಮಾಡಿಕೊಟ್ಟರು. ಕರೆಂಟು ಬಂದಾಗ ಬಿಸಿಲು ರಸ್ತೆಯ ಆಚೆ ಬದಿಯ ಗೋಡೆ ಏರಿತ್ತು. ಕಾಕು ಅಕ್ಕಿ ಬೇಳೆ ಹಾಕಿ, ನೀರು ಸುರಿದು, ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು.

ಕಾಕುವಿನ ಮೇಲ್ದುಟಿಯ ಮೇಲೆ ಬೆವರಿನ ಸಣ್ಣ ಹನಿಗಳಿದ್ದುದು ನನ್ನ ಕಣ್ಣಿಗೆ ಬಿದ್ದದ್ದು ಆಗ. ಜೀರಿಗೆಯ ಪುಡಿಕೆ ಮಡಚುವ ಬೆರಳು ನಡುಗುತ್ತಿತ್ತು. ಮಧ್ಯಾಹ್ನದ ಗುಳಿಗೆ ಹೊಟ್ಟೆಯಲ್ಲಿತ್ತು. ಗೋಕಾಕ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ. ಅಂದರೆ ಇವತ್ತು ಕಾಕುವಿಗೆ ಊಟವಿದ್ದರೆ ಈ ಪಾತ್ರೆಯಲ್ಲೇ ಇದೆ.

"ಕಾಕು, ಏನಾದರೂ ಹಣ್ಣು ತರಲೇನ್ರಿ?" ಎಂದೆ ಮೆಲ್ಲಗೆ.

"ಅನ್ನಾ ಕುದಿಯಾಕತ್ತೈತಿ, ಹಣ್ಣ ಯಾಕ? ಹೊತ್ತ ಎಲ್ಲಿ ಐತಿ ನೋಡು."

ಎದುರಿನ ಚಹಾ ಅಂಗಡಿಯವನು ಇದನ್ನು ಕೇಳಿಸಿಕೊಂಡ. ಅವನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಸ್ಟೂಲಿನ ಮೇಲೆ ಹತ್ತಿ ನಿಂತು, ಊರಿನ ಹಳೆಯ ಗುಮ್ಮಟದ ಕಡೆ ನೋಡುತ್ತ ವರದಿ ಕೊಡತೊಡಗಿದ. "ಗುಮ್ಮಟದ ಬಾಜೂಕ ಐತ್ರಿ ಕಾಕು. ಎರಡ ಮಾರ ಮ್ಯಾಲ ಐತಿ."

ದೀಪ ಬಣ್ಣ ಬದಲಿಸಿತು. ಬೆಂದಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟೆವು. ಮಾಲಕ ಮುಚ್ಚಳ ತಿರುಗಿಸಿದ. ಅದು ಜಪ್ಪಯ್ಯ ಎನ್ನಲಿಲ್ಲ. ಮುಚ್ಚಳದ ಮೇಲೆ ಒಂದು ಸಣ್ಣ ಪಿನ್ನು ಎದ್ದು ನಿಂತಿತ್ತು.

"ಆ ಪಿನ್ನ ಇಳಿಯೂತನಕಾ ಬಾಯಿ ಬಿಡೂದಿಲ್ರಿ ಇದು."

"ಎಷ್ಟೊತ್ತಿಗೆ ಇಳೀತೈತಿ?"

"ಅದರ ಮನಸ್ಸಿಗೆ ಬಂದಾಗ್ರಿ."

ಈಗ ಇಳಿಯಬೇಕಾದ್ದು ಪಿನ್ನು, ಇಳಿಯಬಾರದ್ದು ಸೂರ್ಯ. ಬಜಾರಿನ ಮಂದಿ ಅರ್ಧ ಪಿನ್ನಿನ ಕಡೆ, ಅರ್ಧ ಆಕಾಶದ ಕಡೆ ಆದರು. "ಗುಮ್ಮಟದ ಸೊಂಟಕ ಬಂತ್ರಿ" ಎಂದು ಸ್ಟೂಲಿನಿಂದ ವರದಿ ಬಂತು. ಒಬ್ಬ ಅಜ್ಜಿ ಪಿನ್ನಿಗೆ ಕೈಮುಗಿದಳು. ಕಾಕು ಒಂದು ದೊಡ್ಡ ಕೊಳಗವನ್ನು ಆತುಕೊಂಡು ಸುಮ್ಮನೆ ಕುಳಿತಿದ್ದರು. ಅವರು ಮಾತು ನಿಲ್ಲಿಸಿದ್ದನ್ನು ಅದುವರೆಗೆ ನಾನು ನೋಡಿರಲೇ ಇಲ್ಲ. ನನಗೆ ಹೆದರಿಕೆಯಾಯಿತು.

"ಇದರ ಪುಸ್ತಕ ಎಲ್ಲಿದೆ?" ಎಂದೆ.

"ಪುಸ್ತಕಾ ಗಿರಾಕಿ ಸಲುವಾಗಿ ಇರ್ತೈತ್ರಿ, ನಾವ್ಯಾಕ ಓದೂಣು?" ಎನ್ನುತ್ತ ಮಾಲಕ ಪೆಟ್ಟಿಗೆಯ ತಳದಿಂದ ಅದನ್ನು ತೆಗೆದುಕೊಟ್ಟ. ಇರುವೆಯಂಥ ಅಕ್ಷರಗಳು. ಮೂರನೆಯ ಪುಟದಲ್ಲಿ ಇತ್ತು: ಅವಸರವಿದ್ದರೆ ಮೇಲಿನ ಗುಂಡನ್ನು ಉದ್ದ ಚಮಚದಿಂದ ಪಕ್ಕಕ್ಕೆ ತಿರುಗಿಸಿ ಉಗಿ ಬಿಡಬಹುದು, ಮುಖ ದೂರವಿರಲಿ. ಮೆಲ್ಲಗೆ ಮಾತಾಡಬೇಕೆಂದು ಸಿಸ್ಟರುಗಳು ನನಗೆ ಹತ್ತು ವರ್ಷ ಕಲಿಸಿದ್ದರು. ಅಂದು ಹುಕ್ಕೇರಿಯ ಬಜಾರಿನಲ್ಲಿ ನಾನು ಕೂಗಿಬಿಟ್ಟೆ. "ಸೌಟಿನಿಂದ ಆ ಗುಂಡು ತಿರುಗಿಸ್ರಿ. ದೂರ ನಿಲ್ರಿ."

ಮಾಲಕ ತಿರುಗಿಸಿದ. ದೂರ ನಿಲ್ಲಲಿಲ್ಲ. ರೈಲಿನಂತೆ ಒಂದು ಸಿಳ್ಳು, ಬಿಳಿ ಉಗಿ, ಅದರ ಹಿಂದೆ ಹಳದಿ ತಿಳಿಯ ಕಾರಂಜಿ. ತೂಗುಹಾಕಿದ್ದ ಅಲ್ಯೂಮಿನಿಯಂ ಪಾತ್ರೆಗಳೆಲ್ಲ ಝಣಝಣ ಅಂದವು. ಉಗಿ ಕರಗಿದಾಗ ಮಾಲಕನ ಬಿಳಿ ಅಂಗಿಗೆ ಕೊರಳಿಂದ ಹೊಟ್ಟೆಯವರೆಗೆ ಅರಿಷಿಣ ಹಚ್ಚಿದಂತಾಗಿತ್ತು. ಪುಣ್ಯಕ್ಕೆ ಮೈ ಸುಟ್ಟಿರಲಿಲ್ಲ. ಪಿನ್ನು ಟಕ್ ಎಂದು ಒಳಗೆ ಬಿತ್ತು.

"ಮದುಮಗಾ ಆದ್ರೆಪಾ ಸಾಹುಕಾರ್ರು" ಎಂದಳು ಅಜ್ಜಿ.

ನಾನು ಹೊಸ ತಾಟೊಂದನ್ನು ಕಾಕುವಿನ ನೀರಿನಿಂದ ತೊಳೆದು ಬಡಿಸಿದೆ. ಕಾಕು ಊದಿ ಊದಿ ಉಂಡರು. ಚಹಾದವನು "ಸಾವಕಾಶ ಉಣ್ರಿ ಕಾಕು, ಇನ್ನೂ ಕಾಲ ಭಾಗ ಐತಿ" ಎಂದು ಕೂಗುತ್ತಿದ್ದ. ನಾಲ್ಕು ತುತ್ತಿಗೆ ಕೈ ನಡುಕ ನಿಂತಿತು. ಎಂಟನೆಯ ತುತ್ತಿಗೆ ಬಾಯಿ ಶುರುವಾಯಿತು.

"ಹೂಂ, ಈಗ ರೇಟ್ ಹೇಳು."

"ಆಗ ಹೇಳೇನಲ್ರಿ ಬಾಯಾರ."

"ಆಗ ಹೊಸಾದಿತ್ತು. ಈಗ ಒಮ್ಮಿ ಅನ್ನಾ ಮಾಡೇತಿ. ಹಳೇ ಸಾಮಾನಿಗೆ ಹೊಸಾ ರೇಟ್ ಹೆಂಗ ಕೊಡಲಿ?"

ಮಾಲಕ ತನ್ನ ಅಂಗಿಯನ್ನು ಎರಡು ಬೆರಳಿಂದ ಎತ್ತಿ ತೋರಿಸಿದ. "ಊಟಾ ಆತು, ನನ್ನ ಅಂಗೀನೂ ಹಾಳಾತು. ಇನ್ನ ಇದನೂ ನಾನ ಹೊರಬೇಕೇನ್ರಿ?"

"ಅಂಗಿ ಕೊಡಬೇಕಂದ್ರ ನನ್ನ ಅಂಗಡ್ಯಾಗ ಜಂಪರದ ಅರಿವಿ ಅಷ್ಟ ಐತೆಪಾ. ಹಳದೀದು ಒಪ್ಪತೈತಿ ನಿನಗ."

ಬಜಾರೆಲ್ಲ ನಕ್ಕಿತು. ಮಾಲಕನೂ ನಕ್ಕ. ನಕ್ಕವನಿಗೆ ರೇಟು ಇಳಿಸದೆ ಗತ್ಯಂತರವಿರಲಿಲ್ಲ. ಕಾಕು ಕೊನೆಯ ಗುಟುಕು ನೀರು ಕುಡಿದು ಬಾಟಲಿಯ ಮುಚ್ಚಳ ತಿರುಗಿಸಿದ ಮೇಲೆ ಚಹಾದವನು ಸ್ಟೂಲಿನಿಂದ ಇಳಿದ. "ಹೋತ್ರಿ" ಎಂದ.

ಅಂದಿನಿಂದ ಕುಕ್ಕರ್ ಗಲ್ಲೆಯ ಕೆಳಗೆ ಕುಳಿತಿತು. ಕರೆಂಟಿನ ಹೊತ್ತನ್ನು ಕಾಕು ಲೈನ್‌ಮನ್ನನಿಂದ ಮೊದಲೇ ತಿಳಿದುಕೊಳ್ಳುತ್ತಿದ್ದರು. ಅಂಗಡಿಯ ಹೊಸ ಬಟ್ಟೆಯ ಗಂಜಿ ವಾಸನೆಯ ನಡುವೆ ಜೀರಿಗೆ, ತುಪ್ಪದ ಘಮ ಏಳುತ್ತಿತ್ತು. ಬಿಸಿ ಅನ್ನ ಗಲ್ಲೆಯ ಕೆಳಗೇ ಇದ್ದಾಗ ಓಣಿಯಲ್ಲಿ ಓಡುವ ಕಾರಣವಿರಲಿಲ್ಲ. ಮೊದಮೊದಲು ಗಿರಾಕಿ ಬಂದರೆ ತಾಟು ಸರಿಸಿ ಏಳಲು ಹೋಗುತ್ತಿದ್ದರು. ಅಂಗಡಿಗೆ ಹೋಗಿರುತ್ತಿದ್ದ ನಾನು ಕಣ್ಣು ಕೆಕ್ಕರಿಸಿದರೆ ಮತ್ತೆ ಕೂರುತ್ತಿದ್ದರು. ಕ್ರಮೇಣ ಗಿರಾಕಿಗಳೇ ಕಾಯುವುದನ್ನು ಕಲಿತರು. ನಮ್ಮ ಮನೆಗೆ ಡಬ್ಬಿ ಬರುವುದು ನಿಂತುಹೋಯಿತು. ನನ್ನ ಯಜಮಾನರು ಆಗಾಗ ಗೋಡೆಯ ಕಡೆ ನೋಡಿ, "ಇವತ್ತೂ ಬರಲಿಲ್ಲೇನ?" ಎನ್ನುತ್ತಿದ್ದರು. ಇಲ್ಲ ಎಂದು ಹೇಳುವಾಗ ನನಗೆ ಆಗುತ್ತಿದ್ದ ಸಂತೋಷ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಯಜಮಾನರಿಗೆ ಧಾರವಾಡಕ್ಕೆ ವರ್ಗವಾಯಿತು. ಕಾಕು ಈಗಿಲ್ಲ. ನಾವು ಬಂದ ಬಹಳ ದಿನಗಳ ನಂತರ ಒಂದು ಮಧ್ಯಾಹ್ನ ಕಾಕಾ ಫೋನು ಮಾಡಿ ತಿಳಿಸಿದರು. ನಾನು ಕಾಕುವನ್ನು ಕೊನೆಯದಾಗಿ ಕಂಡದ್ದು ಊರು ಬಿಟ್ಟ ದಿನವೇ. ಸಾಮಾನಿನ ಲಾರಿಯನ್ನು ಬಜಾರಿನ ಮೂಲೆಯಲ್ಲಿ ನಿಲ್ಲಿಸಿ ಅಂಗಡಿಗೆ ಓಡಿದೆ. ಕಾಕು ಉಣ್ಣುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಸೀರೆಯ ಸೆರಗು ಹಿಡಿದು ಸುಮ್ಮನೆ ಕಾದು ನಿಂತಿದ್ದರು.

"ಕಾಕು, ಹೊರಟೇನ್ರಿ" ಎಂದೆ.

ತುತ್ತು ನುಂಗಿ, ಒದ್ದೆ ಕಣ್ಣಿನಿಂದ ನನ್ನನ್ನು ನೋಡಿದರು. "ಊಟಕ್ಕ ಕುಂತೇನವ್ವಾ, ಏಳೂದಿಲ್ಲ. ಆರಾಮ ಹೋಗಿ ಬಾ."

ಎಡಗೈಯಿಂದ ನನ್ನ ಕೆನ್ನೆ ಸವರಿದರು. ಬಲಗೈ ಮುಂದಿನ ತುತ್ತು ಕಲಸುತ್ತಿತ್ತು. ಹೊರಗೆ ಇನ್ನೂ ಬೇಕಾದಷ್ಟು ಬಿಸಿಲಿತ್ತು.