ಅನಸವ್ವನ ಎರಡನೇ ಸಾಕ್ಷಿ

ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ ಕೇಳದ ಜಾಗ ಹುಡುಕುವುದು ಕಷ್ಟ. ಕ್ರೈಸ್ತರ ಪ್ರಾರ್ಥನಾಲಯವೂ ಅದಕ್ಕೆ ಹೊರತಲ್ಲ. ಒಂದು ಕಾಲಕ್ಕೆ ನೂಲಿನ ಗೋದಾಮಾಗಿದ್ದ ಕಟ್ಟಡ ಅದು; ಎಡಕ್ಕೂ ಬಲಕ್ಕೂ ಪಾವರ್‌ಲೂಮು. ಕರೆಂಟು ಹೋದಾಗಷ್ಟೇ ದೇವರಿಗೆ ನಮ್ಮ ಮಾತು ಸರಿಯಾಗಿ ಕೇಳಿಸುತ್ತದೆ ಎಂದು ಅನಸವ್ವ ನಗುತ್ತಿದ್ದಳು. ಆ ಕಟ್ಟಡದ ಹಿಂದಿನ ಕೋಣೆಯೇ ಅವಳ ಮನೆ. ಕಸ ಹೊಡೆಯುವುದು, ಜಮಖಾನೆ ಹಾಸುವುದು, ರವಿವಾರ ಗಂಟೆ ಬಾರಿಸುವುದು ಅವಳ ಕೆಲಸ. ಇವೆಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಅದು ಸಾಕ್ಷಿ ಹೇಳುವುದು, ಅಂದರೆ ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಎದ್ದು ನಿಂತು ಹೇಳುವುದು.

ಹದಿನಾಲ್ಕು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅವಳ ದನಿ ನಿಂತುಹೋಗಿತ್ತು. ಒಂದು ವರ್ಷ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಆಮೇಲೆ ಉಪವಾಸ ಪ್ರಾರ್ಥನೆಯ ಕೂಟದ ಒಂದು ರವಿವಾರ ಎಲ್ಲರ ನಡುವೆ ಎದ್ದು ನಿಂತು ಹಾಡಿದಳು. ಸಭೆಯೇ ಅತ್ತುಬಿಟ್ಟಿತು. ಅಂದಿನಿಂದ ಜಮಖಂಡಿ, ಮುಧೋಳ, ಬೀಳಗಿ ಎಲ್ಲಿ ಕೂಟ ನಡೆದರೂ ಅನಸವ್ವನನ್ನು ಟೆಂಪೋದಲ್ಲಿ ಮುಂದಿನ ಸೀಟಿಗೆ ಕೂರಿಸಿ ಕರೆದೊಯ್ಯುವುದೇ. ಅವಳು ಹೇಳುವುದು, ಜನ ಅಳುವುದು.

ನಿಜ ಸಂಗತಿ ಬೇರೆಯಿತ್ತು. ದನಿ ಬಂದದ್ದು ಆ ರವಿವಾರವಲ್ಲ, ಹಿಂದಿನ ದಿನ. ಹಿತ್ತಲಿನ ಗೋಡೆಯ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಬೆಕ್ಕು ಅದಕ್ಕೆ ಕೈ ಹಾಕಿದ್ದನ್ನು ಕಂಡು ಅನಸವ್ವ "ಹಚ್ಚಾ! ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಕಿರುಚಿದಳು. ಕಿರುಚಿದ ಮೇಲೆಯೇ ತನಗೆ ದನಿ ಬಂತೆಂದು ತಿಳಿದು ಅಲ್ಲೇ ಕುಸಿದು ಕೂತಳು. ದೇವರೇ ಕೊಟ್ಟದ್ದು ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಮಾರನೇ ದಿನ ಸಭೆಯ ಹಿರಿಯರಾದ ಭೀಮಶಿ ಮಾಸ್ತರರು ಕೈ ಎತ್ತಿ, "ನಮ್ಮ ಪ್ರಾರ್ಥನಾದಾಗ ದನಿ ಬಂತು!" ಎಂದು ಸಾರಿದಾಗ ಬೆಕ್ಕಿನ ಮಾತು ಹೇಳಲು ನಾಚಿಕೆಯಾಯಿತು. ಅಂದು ನುಂಗಿದ ಮಾತು ಹದಿಮೂರು ವರ್ಷ ಗಂಟಲಲ್ಲೇ ಉಳಿಯಿತು.

ಮುಧೋಳದ ಬಸ್ ಸ್ಟ್ಯಾಂಡಿನ ಹತ್ತಿರ ಅವಳ ತಂಗಿ ರೂತವ್ವನ ಖಾನಾವಳಿ ಇದೆ. ರೊಟ್ಟಿ ಬಡಿದೂ ಬಡಿದೂ ಅವಳ ಕೈಗಂಟುಗಳು ಬಾತಿವೆ. "ಅಕ್ಕಾ, ಇಬ್ಬರೂ ಕೂಡಿ ಇರೂಣ ಬಾ" ಎಂದು ಎರಡು ವರ್ಷದಿಂದ ಫೋನು ಮಾಡುತ್ತಿದ್ದಳು. ಅನಸವ್ವ ಅರಿವೆಯ ಚೀಲ ಕಟ್ಟಿಕೊಂಡದ್ದು ಒಂದು ಸಲವಲ್ಲ, ನಾಲ್ಕು ಸಲ.

"ನೀ ಹೋದ್ರ ಸಾಕ್ಷಿ ಯಾರ ಹೇಳವ್ರು ಅನಸವ್ವಾ? ದೇವರ ನಿನ್ನ ಇಲ್ಲೇ ಇಟ್ಟಾನ" ಎನ್ನುತ್ತಿದ್ದರು ಮಾಸ್ತರರು. ಬೈದಿದ್ದರೆ ಬೈದು ಹೋಗಬಹುದಿತ್ತು. ಪ್ರೀತಿಯಿಂದ ಹೇಳುವವರ ಕೈ ಬಿಡಿಸಿಕೊಳ್ಳುವುದು ಹೇಗೆ? ಪ್ರತಿ ಸಲವೂ ಚೀಲ ಬಿಚ್ಚಿದಳು.

ಹೀಗಿರುವಾಗ ಒಂದು ರವಿವಾರ, ಮಾಸ್ತರರು ಕಣ್ಣು ಮುಚ್ಚಿ "ಪವಿತ್ರಾತ್ಮನೇ, ಇಳಿದು ಬಾ" ಎನ್ನುವುದಕ್ಕೂ ಬಿಳಿ ಪಾರಿವಾಳವೊಂದು ಕಿಟಕಿಯಿಂದ ಒಳಗೆ ನುಗ್ಗುವುದಕ್ಕೂ ಸರಿಹೋಯಿತು. ಗಿಡುಗ ಅಟ್ಟಿಸಿಕೊಂಡು ಬಂದಿತ್ತೋ ಏನೋ, ಯಾರೂ ನೋಡಲಿಲ್ಲ. ಬೈಬಲಿನಲ್ಲಿ ಪವಿತ್ರಾತ್ಮ ಇಳಿದದ್ದು ಪಾರಿವಾಳದ ರೂಪದಲ್ಲೇ; ಜನ ಮೊಣಕಾಲೂರಿದರು. ಹಕ್ಕಿ ತೊಲೆಯ ಮೇಲೆ ಕೂತಿತು. ಮಾಸ್ತರರು ಅಷ್ಟೇ ಭಕ್ತಿಯಿಂದ ಕಿಟಕಿ ಹಾಕಿಸಿದರು. ಮೇಲಿನ ಬೆಳಕಿಂಡಿಗಳಿಗೆ ಪಕ್ಕದ ಮಗ್ಗದಿಂದ ಅರಿವೆ ತಂದು ಮೊಳೆ ಹೊಡೆದರು. ಇಳಿದು ಬಾ ಎಂದು ಕರೆದವರೇ ಹೋಗದಂತೆ ಮೊಳೆ ಹೊಡೆಯುವ ಭಕ್ತಿಗೆ ಏನೆನ್ನಬೇಕೋ ನನಗಂತೂ ತಿಳಿಯದು.

"ಬರೂ ರವಿವಾರ ಎಲ್ಲಾ ಊರಿನವ್ರು ಬರ್ತಾರ. ಅಲ್ಲೀತನಕ ಜ್ವಾಕಿ ಮಾಡು" ಎಂದು ಮಾಸ್ತರರು ಬಾಗಿಲ ಕೀಲಿಕೈಯನ್ನು ಅನಸವ್ವನ ಕೈಗಿಟ್ಟರು.

ಅವಳು ಜೋಳ ಹಾಕಿದಳು, ನೀರಿಟ್ಟಳು. ಹಕ್ಕಿ ನೀರಿಗಷ್ಟೇ ಕೊಕ್ಕು ತಾಗಿಸಿತು, ಜೋಳ ಮುಟ್ಟಲಿಲ್ಲ. ಹಗಲೆಲ್ಲ ಗೋಡೆಯಿಂದ ಗೋಡೆಗೆ ಹಾರುವುದು, ಗಾಜಿಗೆ ಬಡಿದು ಬೀಳುವುದು, ಮತ್ತೆ ಹಾರುವುದು. ಬುಧವಾರದ ಹೊತ್ತಿಗೆ ಗಾಜಿನ ಮೇಲೆ ರಕ್ತದ ಚುಕ್ಕೆ ಕಂಡಿತು. ಒದ್ದೆ ಅರಿವೆಯಿಂದ ಅದನ್ನು ಒರೆಸುತ್ತ ಅನಸವ್ವ ತೊಲೆಯ ಕಡೆ ನೋಡಿದಳು. ಹಕ್ಕಿಯ ಕಾಲಲ್ಲಿ ಕೆಂಪು ಬಳೆಯಿತ್ತು. ಯಾರೋ ಸಾಕಿದ ಹಕ್ಕಿ ಅದು.

ಶನಿವಾರ ಸಂಜೆ ಹಿತ್ತಲ ಬಾಗಿಲಿಗೆ ಸಾಬಣ್ಣ ಬಂದ. ಹಿಂದಿನ ಓಣಿಯ ಮಗ್ಗದಲ್ಲಿ ನೇಯುವವನು, ಮನೆಯ ಮಾಳಿಗೆಯ ಮೇಲೆ ಪಾರಿವಾಳ ಸಾಕಿದವನು.

"ಯಕ್ಕಾ, ಬಿಳೇದು ನಂದೈತಿ. ನಿಮ್ಮ ದೇವರಂತ ಮಂದಿ ಅನ್ನಾಕತ್ತಾರ, ಕೇಳಾಕ ಅಂಜಿಕಿ ಆತು. ಎರಡ ಮರಿ ಇದ್ದುವು. ಗಂಡು ಒಂದ ಎಷ್ಟಂತ ಉಣಸೀತು? ಒಂದು ಮುಂಜಾನಿ ಸತ್ತೈತಿ."

"ಇನ್ನೊಂದು?"

"ಇನ್ನೂ ಬಾಯಿ ತಗೀತೈತಿ."

ಅನಸವ್ವ ಕೀಲಿಕೈ ಹಿಡಿದುಕೊಂಡು ಪ್ರಾರ್ಥನಾಲಯದ ಬಾಗಿಲ ತನಕ ಹೋದಳು. ಕೈ ಏಳಲಿಲ್ಲ. ದೇವರಾತ್ಮವನ್ನು ಹೊರಗೆ ಓಡಿಸಿದವಳು ಎಂದರೆ ಏನು ಗತಿ? ಗುಬ್ಬಿಯ ಮೇಲೂ ದೇವರ ಕಣ್ಣಿದೆ ಎಂದು ಊರೂರಲ್ಲಿ ಹೇಳಿದವಳು ತಾನೇ. ಒಂದು ಮರಿ ಸಾಯುವಾಗ ತನ್ನ ಕಣ್ಣು ಎಲ್ಲಿತ್ತು? ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

"ನಾಳೆ ಮುಂಜಾನಿ ಕಾಳಿನ ಡಬ್ಬಿ ತಗೊಂಡ ದೊಡ್ಡ ಬಾಗಲ ಎದುರಿಗೆ ನಿಂದರು" ಎಂದು ಸಾಬಣ್ಣನಿಗೆ ಹೇಳಿದಳು. ಆಮೇಲೆ ಕೋಣೆಗೆ ಹೋಗಿ ಐದನೇ ಸಲ ಚೀಲ ಕಟ್ಟಿದಳು.

ರವಿವಾರ ಕಾಲಿಡಲು ಜಾಗವಿರಲಿಲ್ಲ. ಜಮಖಂಡಿಯವರು, ಬೀಳಗಿಯವರು, ಎಲ್ಲರೂ ತೊಲೆಯ ಕಡೆ ಕತ್ತೆತ್ತಿ ಕೂತಿದ್ದರು. ಹಕ್ಕಿ ರೆಕ್ಕೆ ಇಳಿಬಿಟ್ಟು ಮುದುಡಿತ್ತು. ಮಾಸ್ತರರು ಅನಸವ್ವನನ್ನು ಸಾಕ್ಷಿಗೆ ಕರೆದರು.

ಅವಳು ಎದ್ದಳು. ಮೊದಲು ದನಿ ಬರಲಿಲ್ಲ. ಹಳೇ ರೋಗವೇ ಮರಳಿತೇನೋ ಎಂದು ಹೆದರಿದಳು.

"ನನಗ ದನಿ ಬಂದದ್ದು ಈ ಕೂಟದಾಗ ಅಲ್ರಿ" ಎಂದಳು ಕಡೆಗೆ. "ಹಿತ್ತಲದಾಗ, ಬೆಕ್ಕಿಗಿ ಬೈಯುಮುಂದ. ಒಂದ ಗುಬ್ಬಿ ಉಳಿಸಾಕಂತ ದೇವರು ಕೊಟ್ಟ ದನಿ ಇದು. ನಾ ನಿಮಗ ಖರೆ ಹೇಳಲಿಲ್ಲ. ತಪ್ಪಾತು."

ತೊಲೆ ನೋಡುತ್ತಿದ್ದವರೆಲ್ಲ ಅವಳ ಕಡೆ ತಿರುಗಿದರು. ಪಕ್ಕದ ಮಗ್ಗ ಖಟಪಟ ಎನ್ನುತ್ತಿತ್ತು.

"ಮಾಸ್ತರ, ಸಣ್ಣ ಹುಡುಗರಿಗೆ ನೀವ ಕಲಿಸೀರಿ. ಪ್ರಳಯದಾಗ ನೋಹ ಹಡಗಿನ ಕಿಟಕಿ ತಗದು ಪಾರಿವಾಳಾನ ಹೊರಗ ಬಿಟ್ಟ. ನಾವು ಕಿಟಕಿ ಹಾಕೇವಿ. ಇದಕ್ಕ ಗೂಡಿನ್ಯಾಗ ಮರಿ ಐತ್ರಿ."

ಅಷ್ಟು ಹೇಳಿ ಹೋಗಿ ಬಾಗಿಲ ಎರಡೂ ಕದ ತೆರೆದಳು. ಹಕ್ಕಿ ಅಲುಗಲಿಲ್ಲ. ಎದುರಿಗೆ ನಿಂತಿದ್ದ ಸಾಬಣ್ಣ ಕಾಳಿನ ಡಬ್ಬಿ ಅಲ್ಲಾಡಿಸಿ "ಆ... ಆ..." ಎಂದ. ಆಗ ಅದು ತೊಲೆ ಬಿಟ್ಟು, ಜನರ ತಲೆಯ ಮೇಲಿಂದ ಹಾದು, ಬೆಳಕಿಗೆ ಹೋಯಿತು.

ಇನ್ನು ಬೈಗುಳ ಎಂದು ಅನಸವ್ವ ತಲೆ ತಗ್ಗಿಸಿ ನಿಂತಳು. ಮಾಸ್ತರರು ಮೆಲ್ಲಗೆ ಎದ್ದರು. ಕಣ್ಣಲ್ಲಿ ನೀರಿತ್ತು.

"ಸ್ತೋತ್ರ! ಎಂಥಾ ಸಾಕ್ಷಿ ಇದು! ಮೊದಲಿಂದಕ್ಕಿಂತ ದೊಡ್ಡದು. ಅನಸವ್ವಾ, ಬರೂ ತಿಂಗಳ ಮುಧೋಳದಾಗ ಕೂಟ ಐತಿ. ಅಲ್ಲಿ ಇದನ್ನ ಹೇಳಬೇಕು. ಆಮ್ಯಾಲ ಬೀಳಗಿ, ಆಮ್ಯಾಲ..."

ಅನಸವ್ವ ತೆರೆದ ಬಾಗಿಲನ್ನೊಮ್ಮೆ ನೋಡಿದಳು. ಕೀಲಿಕೈ ತೆಗೆದು ಅವರ ಅಂಗೈಯಲ್ಲಿಟ್ಟಳು.

"ಮುಧೋಳಕ್ಕ ಇವತ್ತ ಹೊಂಟೇನ್ರಿ ಮಾಸ್ತರ. ಹೇಳಾಕಲ್ಲ. ಇರಾಕ."