ಎದುರುಮನೆ ತಂಗಿಯ ಮುಂಗೈ

ಹೋದ ವಾರ ಪೆನಿಸಿಲಿನ್ ಕೊಡುವ ಮೊದಲು ಅದು ಒಗ್ಗುತ್ತದೆಯೇ ಎಂದು ನೋಡಲು ನರ್ಸಮ್ಮ ನನ್ನ ಮುಂಗೈಗೆ ಒಂದು ಹನಿ ಚುಚ್ಚಿ, ಸುತ್ತ ಬಾಲ್‌ಪೆನ್ನಿನಿಂದ ಗುಂಡಗೆ ಗೆರೆ ಎಳೆದು, "ಅಲ್ಲೇ ಕೂತ್ಕೊಳಿ ತಾತ" ಎಂದಳು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಒಂದು ಕಾಲದಲ್ಲಿ ಊರೂರು ತಿರುಗಿ ಅಂಥ ಗೆರೆ ಎಳೆಯುತ್ತಿದ್ದವನು ನಾನು...

ಅರವತ್ತರ ದಶಕ. ಆನೆಕಾಲು ರೋಗದ ತಂಡದಲ್ಲಿ ಹಂಗಾಮಿ ಕೆಲಸ. ಯಳಂದೂರಿನ ಹತ್ತಿರ ಹೊನ್ನೂರಿನಲ್ಲಿ ಬಾಡಿಗೆ ಕೋಣೆ. ಆ ರೋಗದ ಹುಳು ರಕ್ತದಲ್ಲಿ ಕಾಣುವುದು ರಾತ್ರಿ ಹೊತ್ತು. ಗದ್ದೆ ಕೆಲಸ ಮಾಡಿ ಮಲಗಿದವರನ್ನು ರಕ್ತ ತೆಗೆಯಲು ಎಬ್ಬಿಸಿದರೆ ಬೈಗುಳವೇ ನಮಗೆ ಭತ್ಯೆ. ಅದರ ಬದಲು ಹಗಲೇ ಆಗುವ ಚರ್ಮದ ಪರೀಕ್ಷೆಯನ್ನು ನಂಬಬಹುದೇ ಎಂದು ನೋಡಬೇಕಿತ್ತು. ಹುಳುವಿನಿಂದ ತೆಗೆದ ಸಾರವನ್ನು ಮುಂಗೈಗೆ ಚುಚ್ಚಿದಾಗ, ಹುಳುವಿನ ವಿರುದ್ಧ ಹೋರಾಡಲು ಮೈ ಹುಟ್ಟಿಸಿಕೊಂಡ ಪ್ರತಿಕಾಯವಿದ್ದರೆ ಗುಳ್ಳೆ ಏಳುತ್ತಿತ್ತು. ಸುತ್ತ ಶಾಯಿ ಗೆರೆ ಎಳೆದು ಅಳೆಯುತ್ತಿದ್ದೆವು. ಮಾತ್ರೆ ಕೊಟ್ಟು, ಕೆಲವು ತಿಂಗಳ ಮೇಲೆ ಮತ್ತೆ ಅದೇ ಪರೀಕ್ಷೆ.

ಎದುರುಮನೆಯ ಹುಡುಗಿ ನನ್ನನ್ನು ಅಣ್ಣ ಎನ್ನುತ್ತಿದ್ದಳು. ಸೂಜಿ ಕಂಡು ಊರೇ ಓಡುವಾಗ ಮೊದಲು ಕೈ ಚಾಚಿದವಳು ಅವಳು. ಗುಳ್ಳೆ ಎದ್ದಿತು, ರಕ್ತದಲ್ಲೂ ಹುಳು ಸಿಕ್ಕಿತು. ಬಂಡಳ್ಳಿಯ ಕಡೆ ಮದುವೆ ಗೊತ್ತಾಗಿತ್ತು; ವಾಸಿಯಾಗಲಿ ಎಂದು ಗಂಡಿನವರು ಕಾದರು.

"ವಾಂತಿ ಬಂದ್ರೂ ಮಾತ್ರೆ ಬುಡ್ನಿಲ್ಲ ಕಣಣ್ಣ" ಎಂದು ನಗುತ್ತಿದ್ದಳು.

ಎರಡನೇ ಸುತ್ತಿನಲ್ಲಿ ಅವಳ ರಕ್ತದಲ್ಲಿ ಹುಳು ಇರಲಿಲ್ಲ. ಆದರೆ ಅಷ್ಟರೊಳಗೆ ಬೇರೆ ಊರುಗಳಲ್ಲಿ ವಾಸಿಯಾದವರ ಕೈಯಲ್ಲೂ ಗುಳ್ಳೆ ಏಳುತ್ತಿತ್ತು. ಹುಳು ಸತ್ತರೂ ಪ್ರತಿಕಾಯ ಬಹುಕಾಲ ಉಳಿಯುತ್ತದೆ, ವಾಸಿಯಾಯಿತೇ ಎಂದು ತಿಳಿಯಲು ಈ ಪರೀಕ್ಷೆ ಸಾಲದು ಎಂದು ಡಾಕ್ಟರು ಕೊಳ್ಳೇಗಾಲದ ಆಫೀಸಿನಲ್ಲಿ ನಮಗೆ ವಿವರಿಸಿದ್ದರು. ಮೇಲಿನವರಿಗೆ ವರದಿ ಹೋಗುವ ತನಕ ಇದರ ಬಗ್ಗೆಯಾಗಲಿ ರಕ್ತದ ಫಲಿತಾಂಶದ ಬಗ್ಗೆಯಾಗಲಿ ಯಾರೂ ಬಾಯಿ ಬಿಡಕೂಡದು ಎಂದೂ ಹೇಳಿದ್ದರು.

ಅವಳಿಗೆ ಮತ್ತೆ ಚುಚ್ಚಿದ ದಿನ ಗಂಡಿನ ಸೋದರಮಾವ ಬಂದು ಜಗಲಿಯ ಮೇಲೆ ಕೂತಿದ್ದರು. ಗುಳ್ಳೆ ಎದ್ದದ್ದನ್ನು ಅವರೂ ನೋಡಿದರು.

"ಇನ್ನೂ ಉಳ ಅದಾ ಸಾ?"

ಇಲ್ಲ ಎನ್ನಲು ಎಷ್ಟು ಹೊತ್ತು? ಕೆಲಸ ಹೋದೀತೆಂದು ಹೆದರಿದೆ. "ವರದಿ ಬರಬೇಕು" ಎಂದೆ. ಕೊಟ್ಟ ಎಲೆಯಡಿಕೆ ಮುಟ್ಟದೆ ಅವರು ಎದ್ದು ನಡೆದರು.

ವರದಿ ಹೋಗುವ ಹೊತ್ತಿಗೆ ಆ ಹುಡುಗನಿಗೆ ಬೇರೆ ಕಡೆ ಮದುವೆಯಾಗಿತ್ತು. ಆಮೇಲೆ, ಗುಳ್ಳೆ ಎದ್ದರೂ ರೋಗ ವಾಸಿಯಾಗಿತ್ತು ಎಂದು ಅವಳಿಗೆ ತಿಳಿಸಿದೆ. ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಆವತ್ತೇ ಗೊತ್ತಿತ್ತಾ ಅಣ್ಣ?"

"ಇಲ್ಲ ಕಣಮ್ಮ."

"ಅಂಗಾದ್ರೆ ನೀವೇನ್ ಮಾಡೀರಿ, ಬುಡಿ" ಎಂದು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ನಾಚಿಕೆಯಿಲ್ಲದೆ ಕುಡಿದೆ.

ಅವಳು ಮದುವೆಯಾಗಲಿಲ್ಲ. ತಮ್ಮನ ಮಕ್ಕಳನ್ನು ಬೆಳೆಸಿದಳು. ನಿಜ ಹೇಳಿಬಿಡಬೇಕೆಂದು ಮೂರು ಸಲ ಹೊನ್ನೂರಿಗೆ ಹೋಗಿದ್ದೇನೆ. ಪ್ರತಿ ಸಲವೂ ಆ ಮಕ್ಕಳಿಗೆ "ನಮ್ಮಣ್ಣ ಕಣ್ರೋ" ಎಂದು ತೋರಿಸಿ ಊಟಕ್ಕಿಟ್ಟಳು, ಉಂಡು ಬಂದೆ. ಹೋದ ವರ್ಷ ತೀರಿಕೊಂಡಳಂತೆ... ನನಗೆ ಸುದ್ದಿ ತಿಳಿದದ್ದೇ ತಡವಾಗಿ.

ಗೊತ್ತಿತ್ತು ಕಣಮ್ಮ. ಆವತ್ತೇ ಗೊತ್ತಿತ್ತು.