ಹನ್ನೊಂದನೇ ಪಾಠ

ಪೀಣ್ಯ ಎರಡನೇ ಹಂತದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಕೃಪಾವತಿ ಇಪ್ಪತ್ತೇಳು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಲೇತಿನಿಂದ ಇಳಿದ ಹಿತ್ತಾಳೆ ಬಿಡಿಭಾಗಗಳನ್ನು ಒಂದೊಂದಾಗಿ ಅಳತೆಯ ಗೇಜಿಗೆ ಹಿಡಿದು ನೋಡುವುದು ಅವರ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಟ್ರೇಗೆ ಎತ್ತಿಹಾಕುತ್ತಿದ್ದರು. ನೋಡಿ ನೋಡಿ ಕಣ್ಣಿಗೆ ಅದೇ ಅಭ್ಯಾಸವಾಗಿ, ಪುಸ್ತಕ ಓದುವಾಗಲೂ ತಪ್ಪೇ ಮೊದಲು ಕಾಣುತ್ತಿತ್ತು.

ಚಿಕ್ಕಬಾಣಾವರದ ಅವರ ಕ್ರೈಸ್ತ ಸಭೆಗೆ ಬರುತ್ತಿದ್ದ ಬೈಬಲ್ ಅಧ್ಯಯನದ ಪುಸ್ತಕಗಳ ವಿಷಯದಲ್ಲಿ ಅವರಿಗೆ ಸಮಾಧಾನವಿರಲಿಲ್ಲ. ಎಲ್ಲವೂ ಬೇರೆ ಭಾಷೆಯಿಂದ ಬಂದವು. ಮೊದಲು ಏನು ಓದಿದೆವೆಂಬುದೇ ಮರೆತುಹೋಗುವಷ್ಟು ಉದ್ದದ ವಾಕ್ಯಗಳು, ಯಾರ ಬಾಯಲ್ಲೂ ಇಲ್ಲದ ಕನ್ನಡ. ಬುಧವಾರ ಸಂಜೆ ಅವರ ಮನೆಯಲ್ಲಿ ಸೇರುತ್ತಿದ್ದ ಇಪ್ಪತ್ತು ಇಪ್ಪತ್ತೆರಡು ಹೆಂಗಸರಲ್ಲಿ ಮುಕ್ಕಾಲು ಪಾಲು ಗಾರ್ಮೆಂಟ್ಸ್ ಕೆಲಸದವರು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಬಂದವರು ಆ ಪುಸ್ತಕದ ಎರಡು ಸಾಲಿಗೇ ತೂಕಡಿಸುತ್ತಿದ್ದರು.

ಕೆಲಸದಿಂದ ನಿವೃತ್ತರಾದ ವರ್ಷ ಕೃಪಾವತಿ ತಾವೇ ಬರೆಯಲು ಕೂತರು. ನಲವತ್ತು ಪಾಠಗಳ ತೆಳ್ಳನೆಯ ಪುಸ್ತಕ, ‘ಬೆಳಗಿನ ಹದಿನೈದು ನಿಮಿಷ’ ಎಂದು ಹೆಸರು. ದಿನಕ್ಕೊಂದು ಬೈಬಲ್ ಭಾಗ, ಅದರ ಬಗ್ಗೆ ಮನೆಮಾತಿನಲ್ಲಿ ಒಂದು ಪುಟ, ಕೊನೆಗೆ ಮೂರು ಪ್ರಶ್ನೆ. ಪ್ರತಿ ಪ್ರಶ್ನೆಯ ಕೆಳಗೆ ಓದುವವರೇ ಉತ್ತರ ಬರೆದುಕೊಳ್ಳಲಿ ಎಂದು ನಾಲ್ಕು ಖಾಲಿ ಗೆರೆ. ಪೀಣ್ಯದಲ್ಲಿ ಸಣ್ಣದೊಂದು ಪ್ರೆಸ್ಸು ಇಟ್ಟುಕೊಂಡಿದ್ದ ದಾವಣಗೆರೆ ಕಡೆಯ ಗುರುರಾಜ್ ಅಕ್ಷರ ಜೋಡಿಸುತ್ತ, “ನಾವು ಲಿಂಗಾಯತ್ರು ಅಮ್ಮ, ಆದ್ರೂ ಕೂತ್ರೆ ಓದಿಸ್ಕೊಂಡು ಹೋಗ್ತದೆ,” ಎಂದಿದ್ದರು. ಮುನ್ನೂರು ಪ್ರತಿ ಅಚ್ಚಾಯಿತು. ಹೆಂಗಸರು ಅದನ್ನು ಊಟದ ಬ್ಯಾಗಿನಲ್ಲಿಟ್ಟುಕೊಂಡು ಕಾರ್ಖಾನೆಯ ವ್ಯಾನಿನಲ್ಲಿ ಓದತೊಡಗಿದರು.

ಎಲ್ಲರೂ ಹೆಚ್ಚು ಮೆಚ್ಚಿಕೊಂಡದ್ದು ಹನ್ನೊಂದನೇ ಪಾಠವನ್ನು. ಯಜಮಾನಿಯ ಹಿಂಸೆ ತಾಳಲಾರದೆ ಮರುಭೂಮಿಗೆ ಓಡಿಹೋದ ಬಸುರಿ ದಾಸಿಯ ಪ್ರಸಂಗ ಅದು. ದಾರಿಯಲ್ಲಿ ದೇವದೂತ ಅವಳನ್ನು ತಡೆದು, ಹಿಂದಿರುಗಿ ಹೋಗು ಅನ್ನುತ್ತಾನೆ, ಅವಳು ಹೋಗುತ್ತಾಳೆ. ಅದರ ಜೊತೆಗೆ ಕೃಪಾವತಿ ತಮ್ಮ ಬದುಕನ್ನೇ ಸೇರಿಸಿ ಬರೆದಿದ್ದರು. ಅವರ ಗಂಡ ದೇವದಾನ ಮದುವೆಯಾದ ಹೊಸದರಲ್ಲಿ ಕುಡಿದು ಬಂದು ಹೊಡೆಯುತ್ತಿದ್ದದ್ದು, ಆಮೇಲೆ ಕುಡಿತ ಬಿಟ್ಟು ಸಭೆಯ ಹಿರಿಯರಾಗಿ, ಒಂಬತ್ತು ವರ್ಷದ ಹಿಂದೆ ಎಲ್ಲರ ಕಣ್ಣಲ್ಲಿ ನೀರು ತರಿಸಿ ತೀರಿಕೊಂಡದ್ದು. ‘ನಾನು ಆ ಮನೆಯಲ್ಲೇ ಮೊಣಕಾಲೂರಿ ಕಾದೆ. ದೇವರು ಅವರನ್ನು ತಿರುಗಿಸಿದ’ ಎಂದು ಬರೆದಿದ್ದರು. ಮೂರನೇ ಪ್ರಶ್ನೆ ಹೀಗಿತ್ತು: ‘ನೀವು ಎಲ್ಲಿಗೆ ಹಿಂದಿರುಗಬೇಕಾಗಿದೆ?’

ಬುಧವಾರದ ಕೂಟಕ್ಕೆ ಬರುತ್ತಿದ್ದವರಲ್ಲಿ ಲಿಡಿಯಾ ಒಬ್ಬಳು. ಇಪ್ಪತ್ತೆಂಟರ ಹೆಂಗಸು, ನಾಲ್ಕು ವರ್ಷದ ಮಗಳ ತಾಯಿ. ಕೊರಳಪಟ್ಟಿ ಹೊಲಿಯುವುದರಲ್ಲಿ ಅವಳ ಕೈ ಬಲು ಚುರುಕು ಎಂದು ಜೊತೆಯವರು ಹೇಳುತ್ತಿದ್ದರು. ಕೂಟದಲ್ಲಿ ಮಾತಾಡುವುದು ಕಡಿಮೆ, ಆದರೆ ಖಾಲಿ ಗೆರೆಗಳನ್ನು ಒಂದೂ ಬಿಡದೆ ತುಂಬುವವಳು ಅವಳೇ. ಗಂಡ ಪ್ರಶಾಂತ್ ಟೆಂಪೊ ಓಡಿಸುತ್ತಿದ್ದ. ಅವನು ಹೊಡೆಯುತ್ತಾನೆಂಬುದು ಕೃಪಾವತಿಗೆ ಗೊತ್ತಿತ್ತು. ಹೇಳಿದವರು ಯಾರೂ ಇಲ್ಲ. ಸೆಕೆಯಲ್ಲೂ ಉದ್ದ ತೋಳಿನ ರವಿಕೆ ಹಾಕಿ ಬರುತ್ತಿದ್ದ ಹೆಂಗಸನ್ನು ನೋಡಿದರೆ, ಒಂದು ಕಾಲದಲ್ಲಿ ತಾವೂ ಹಾಗೆ ಓಡಾಡಿದವರಿಗೆ ತಿಳಿಯುತ್ತದೆ.

ಕಳೆದ ಫೆಬ್ರುವರಿಯಲ್ಲಿ ಲಿಡಿಯಾ ಮಗಳನ್ನು ಕರೆದುಕೊಂಡು ಜಿಗಣಿಯಲ್ಲಿದ್ದ ಅಕ್ಕನ ಮನೆಗೆ ಹೋಗಿಬಿಟ್ಟಳು. ಎರಡು ವಾರದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಫೋನು ಮಾಡಿದಳು.

“ಆಂಟಿ, ಅವ್ರು ಬಂದಿದ್ರು. ಇನ್ಮೇಲೆ ಹಂಗೆ ಮಾಡಲ್ಲ, ಬಾ ಅಂತಾರೆ. ಅಕ್ಕ ಹೋಗ್ಲೇಬೇಡ ಅಂತಾಳೆ. ನಾನೇನ್ ಮಾಡ್ಲಿ?”

“ಹನ್ನೊಂದನೇ ಪಾಠ ಓದಿದ್ಯೇನಮ್ಮ?”

“ಬೆಳಿಗ್ಗೆ ಅದನ್ನೇ ಓದ್ತಿದ್ದೆ.”

“ಮತ್ತೆ ನಾನು ಬೇರೆ ಹೇಳೋದೇನಿದೆ? ಪ್ರಾರ್ಥನೆ ಮಾಡ್ತಿರ್ತೀನಿ. ಧೈರ್ಯವಾಗಿರು.”

ಅಷ್ಟೇ ಮಾತು. ಒಲೆಯ ಮೇಲೆ ಸಾರು ಉಕ್ಕುವಂತಿತ್ತು, ಫೋನಿಟ್ಟು ಒಳಗೆ ಹೋದರು.

ಲಿಡಿಯಾ ಸೋಮವಾರ ಗಂಡನ ಮನೆಗೆ ಬಂದಳು. ಅದಾದ ಹನ್ನೆರಡನೇ ದಿನ ಪ್ರಶಾಂತ್ ಕುಕ್ಕರಿನ ಮುಚ್ಚಳ ತೆಗೆದುಕೊಂಡು ಅವಳ ಮುಖಕ್ಕೆ ಹೊಡೆದ. ದವಡೆ ಬಿರುಕು ಬಿಟ್ಟಿತು, ಎಡಗಿವಿಯ ತಮಟೆ ಹರಿಯಿತು. ಮಗುವಿನ ಕೂಗು ಕೇಳಿ ಪಕ್ಕದ ಮನೆಯವರು ಬಂದು ಆಸ್ಪತ್ರೆಗೆ ಸೇರಿಸಿದರು.

ಕೃಪಾವತಿ ಆಸ್ಪತ್ರೆಗೆ ಹೋದಾಗ ಹೆಂಗಸರ ವಾರ್ಡಿನ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಲಿಡಿಯಾ ಒರಗಿ ಕೂತಿದ್ದಳು. ದವಡೆಗೆ ಕಟ್ಟು ಹಾಕಿದ್ದರಿಂದ ತುಟಿ ಹೆಚ್ಚು ಅಲುಗಾಡಿಸುವಂತಿರಲಿಲ್ಲ. ತೊಡೆಯ ಮೇಲೆ ಬೈಬಲ್ ತೆರೆದಿತ್ತು. ಪಕ್ಕದಲ್ಲಿದ್ದ ಅವಳ ಅಕ್ಕ, ಕೃಪಾವತಿಯ ಮುಖ ನೋಡದೆ ಎದ್ದು ಹೊರಗೆ ಹೋದಳು.

“ಈ ಕಡೆ ಬನ್ನಿ ಆಂಟಿ. ಆ ಕಿವೀಲಿ ಕೇಳ್ಸಲ್ಲ,” ಎಂದಳು ಲಿಡಿಯಾ.

ಕೃಪಾವತಿ ಬಲಕ್ಕೆ ಬಂದು ಸ್ಟೂಲಿನ ಮೇಲೆ ಕೂತರು.

“ನಾನು ಮುಂದಕ್ಕೆ ಓದ್ದೆ,” ಎಂದಳು ಲಿಡಿಯಾ, ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ. “ಆ ದಾಸಿ ಕಥೆ. ಅದು ಅಲ್ಲಿಗೇ ಮುಗಿಯಲ್ಲ. ಐದು ಅಧ್ಯಾಯ ಆದ್ಮೇಲೆ ಅವಳು ಮತ್ತೆ ಬರ್ತಾಳೆ. ಮಗನ್ನ ಕರ್ಕೊಂಡು ಆ ಮನೆ ಬಿಟ್ಟು ಹೋಗ್ತಾಳೆ, ವಾಪಸ್ ಹೋಗು ಅಂತ ಆಗ ದೇವ್ರು ಹೇಳಲ್ಲ. ಬಾವಿ ತೋರಿಸ್ತಾನೆ. ನಿಮ್ಗೆ ಗೊತ್ತಿತ್ತಲ್ಲ ಆಂಟಿ?”

“ಗೊತ್ತಿತ್ತು.”

“ಮತ್ಯಾಕೆ ಅರ್ಧ ಬರ್ದ್ರಿ?”

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಬುಧವಾರದ ಕೂಟದಲ್ಲಿ ಅರ್ಥವಾಗದ ಮಾತೊಂದನ್ನು ಕೇಳುವ ಹಾಗೆಯೇ ಕೇಳಿದಳು. ಕೃಪಾವತಿ ಅವಳ ಕೈ ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಮನೆಗೆ ಬಂದ ಕೃಪಾವತಿ ಅನ್ನಕ್ಕಿಡದೆ ಕೂತಿದ್ದರು. ಮನೆಯ ಒಡತಿ ಗಂಗಮ್ಮ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ಮೂವತ್ತು ವರ್ಷದಿಂದ ಗಂಗಮ್ಮ ಮತ್ತು ಅವರ ಗಂಡ ವೆಂಕಟೇಶಪ್ಪನವರ ವಠಾರದಲ್ಲೇ ಕೃಪಾವತಿ ಬಾಡಿಗೆಗಿದ್ದವರು. ಇಬ್ಬರ ನಡುವೆ ಮುಚ್ಚುಮರೆ ಇರಲಿಲ್ಲ. ಕೃಪಾವತಿ ನಡೆದದ್ದನ್ನೆಲ್ಲ ಹೇಳಿದರು, ಪುಸ್ತಕದಲ್ಲಿ ಬರೆದದ್ದನ್ನೂ ಓದಿ ತೋರಿಸಿದರು.

ಗಂಗಮ್ಮ ಕೇಳಿಸಿಕೊಂಡು, “ನಂಗೆ ಓದೋಕ್ ಬರಾಕಿಲ್ಲ. ಆದ್ರೆ ಇದೇನಮ್ಮ ಇಂಗ್ ಬರ್ದಿದ್ದೀಯ?” ಎಂದರು. “ನೀನು ತುಮಕೂರ್ಗೆ ಓಗಿ ಅವ್ವನ ಮನೇಲಿ ನಾಕ್ ತಿಂಗ್ಳು ಕುಂತಿರ್ಲಿಲ್ವಾ? ನಮ್ಮನೇರು ದೇವದಾನಪ್ಪನ್ನ ಕೂರಿಸ್ಕಂಡು, ಇನ್ನೊಂದ್ ಏಟು ಬಿದ್ರೆ ಮನೆ ಖಾಲಿ ಮಾಡು, ಸ್ಟೇಸನ್‌ಗೂ ಓಯ್ತೀನಿ ಅಂದಿರ್ಲಿಲ್ವಾ? ಅದ್ಯಾಕ್ ಬರ್ದಿಲ್ಲ?”

ಆ ನಾಲ್ಕು ತಿಂಗಳನ್ನು ಕೃಪಾವತಿ ಮರೆತಿರಲಿಲ್ಲ. ತೀರಿಕೊಂಡ ಗಂಡನ ಹೆಸರು ಸಭೆಯಲ್ಲಿ ಚೆನ್ನಾಗಿ ಉಳಿಯಲಿ ಎಂದು ಬಿಟ್ಟಿದ್ದರು. ಅದಕ್ಕಿಂತ ಹೆಚ್ಚಾಗಿ, ಬಿಟ್ಟರೆ ಪಾಠ ಚೆನ್ನಾಗಿ ಕೂರುತ್ತಿತ್ತು. ತಾಳಿಕೊಂಡ ಹೆಂಗಸು, ತಿರುಗಿದ ಗಂಡ. ನಡುವೆ ತವರುಮನೆಯ ಬಸ್ಸು, ಮನೆ ಮಾಲೀಕರ ಗದರಿಕೆ ಬಂದರೆ ಓದುವವರ ಕಣ್ಣು ಒದ್ದೆಯಾಗುತ್ತಿರಲಿಲ್ಲ. ಬರೆಯುವಾಗ ಅದು ಸುಳ್ಳೆಂದು ಅವರಿಗೆ ಅನ್ನಿಸಿರಲಿಲ್ಲ. ಈಗ ಸುಳ್ಳಲ್ಲದೆ ಬೇರೆ ಏನೂ ಅನ್ನಿಸುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಕೆಟ್ಟ ಮಾಲು ಹೊರಗೆ ಹೋಗಿಬಿಟ್ಟರೆ ಇಡೀ ಲಾಟನ್ನು ವಾಪಸು ತರಿಸುತ್ತಿದ್ದರು. ಕೃಪಾವತಿಗೆ ಗೊತ್ತಿದ್ದ ದಾರಿ ಅದೊಂದೇ. ಮರುದಿನದಿಂದ ಮನೆಮನೆಗೆ ಹೋಗಿ, “ಪುಸ್ತಕದಲ್ಲಿ ಒಂದು ತಪ್ಪಾಗಿದೆ, ಕೊಡ್ರಮ್ಮ, ಸರಿಮಾಡಿ ವಾಪಸ್ ಕೊಡ್ತೀನಿ,” ಎಂದು ಕೇಳತೊಡಗಿದರು. ಅಚ್ಚಿನ ತಪ್ಪಿರಬೇಕೆಂದುಕೊಂಡು ಕೆಲವರು ನಗುತ್ತ ಕೊಟ್ಟರು. ಕೆಲವರು, ಅದರಲ್ಲಿ ನಮ್ಮ ಸ್ವಂತದ್ದು ಬರೆದುಕೊಂಡಿದ್ದೇವೆ ಎಂದು ಕೊಡಲಿಲ್ಲ. ಒಂದೂವರೆ ತಿಂಗಳಲ್ಲಿ ಮುನ್ನೂರರಲ್ಲಿ ನೂರ ಎಂಬತ್ತು ಸಿಕ್ಕವು.

ಇನ್ನೊಬ್ಬರು ಬರೆದುಕೊಂಡದ್ದನ್ನು ಓದಬಾರದೆಂದು ಅವರಿಗೆ ಗೊತ್ತಿತ್ತು. ಆದರೂ ಹನ್ನೊಂದನೇ ಪಾಠದ ಪುಟವನ್ನು ಪ್ರತಿಯೊಂದರಲ್ಲೂ ತೆರೆದು ನೋಡಿದರು. ಬಹಳ ಕಡೆ ಖಾಲಿ. ಕೆಲವರು ‘ಪ್ರಾರ್ಥನೆಗೆ ಹಿಂದಿರುಗಬೇಕು’ ಎಂದು ಬರೆದಿದ್ದರು. ಒಬ್ಬಳು ‘ಅತ್ತೆಯ ಹತ್ತಿರ’ ಎಂದು ಬರೆದು ಹೊಡೆದುಹಾಕಿದ್ದಳು. ಇನ್ನೊಬ್ಬಳು ‘ಎಷ್ಟು ದಿನ?’ ಎಂದಷ್ಟೇ ಬರೆದಿದ್ದಳು. ಲಿಡಿಯಾಳ ಪುಸ್ತಕವನ್ನು ಅವಳ ಅಕ್ಕ ಯಾರ ಕೈಯಲ್ಲೋ ಕಳಿಸಿಕೊಟ್ಟಿದ್ದಳು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಎರಡೇ ಮಾತಿತ್ತು: ‘ಗಂಡನ ಮನೆಗೆ. ಸೋಮವಾರ.’

ಸುದ್ದಿ ಸಭಾಪಾಲಕರ ಕಿವಿಗೂ ಬಿತ್ತು. ಭಾನುವಾರ ಆರಾಧನೆಯಾದ ಮೇಲೆ ಅವರು ಕೃಪಾವತಿಯನ್ನು ಕೂರಿಸಿಕೊಂಡರು. ಅವರು ಒಳ್ಳೆಯವರೇ, ಲಿಡಿಯಾಳನ್ನು ನೋಡಲು ಆಸ್ಪತ್ರೆಗೂ ಎರಡು ಸಲ ಹೋಗಿ ಬಂದಿದ್ದರು.

“ಒಂದು ಮನೇಲಿ ನಡೆದದ್ದಕ್ಕೆ ಪುಸ್ತಕಾನೇ ತಪ್ಪು ಅಂದ್ರೆ ಹೇಗಮ್ಮ? ನೀವು ಹೊಡೀರಿ ಅಂತ ಬರೆದ್ರಾ?”

“ಹೋಗು ಅಂತ ಬರೆದೆ ಅಯ್ಯನೋರೇ.”

“ಪ್ರಶಾಂತ್ ತಾಯಿ ನಲವತ್ತು ವರ್ಷದಿಂದ ಇದೇ ಸಭೇಲಿದ್ದಾರೆ. ದೇವದಾನ ಅವರ ಹೆಸರನ್ನೂ ಯೋಚನೆ ಮಾಡಿ. ಸುಮ್ನೆ ಆ ಪಾಠ ತೆಗೆದು ಇನ್ನೊಂದು ಹಾಕಿ. ಕಾರಣ ಯಾಕೆ ಹೇಳ್ಬೇಕು?”

“ಹೇಳಬೇಕಾದ್ದನ್ನ ಹೇಳದೆ ಬಿಟ್ಟಿದ್ದಕ್ಕೇ ಇಷ್ಟಾಗಿದ್ದು,” ಎಂದರು ಕೃಪಾವತಿ.

ಆ ಬುಧವಾರ ಹತ್ತೊಂಬತ್ತು ಜನ ಸೇರಿದ್ದರು. ಹಾಡು ಹಾಡದೆ, ಪುಸ್ತಕ ತೆರೆಯದೆ, ಕೃಪಾವತಿ ನಿಂತುಕೊಂಡೇ ಹೇಳಿದರು. ತುಮಕೂರಿಗೆ ಹೋದದ್ದು, ನಾಲ್ಕು ತಿಂಗಳು ಗಂಡನ ಕಾಗದಕ್ಕೂ ಉತ್ತರ ಬರೆಯದಿದ್ದದ್ದು, ವೆಂಕಟೇಶಪ್ಪನವರ ಮಾತು, ಕುಡಿತ ಬಿಟ್ಟ ಗುರುತು ಕಂಡ ಮೇಲೆಯೇ ವಾಪಸು ಬಂದದ್ದು. ಲಿಡಿಯಾಗೆ ಫೋನಿನಲ್ಲಿ ಹೇಳಿದ ಮಾತನ್ನೂ ಇದ್ದಂತೆಯೇ ಹೇಳಿದರು.

ಬಾಗಿಲ ಹತ್ತಿರ ಕೂತಿದ್ದ ಸಂಪೂರ್ಣಮ್ಮ ಎಂಬ ಐವತ್ತು ದಾಟಿದ ಹೆಂಗಸು ಕೇಳಿದರು.

“ಹಂಗಾದ್ರೆ ನಾನು ಹದಿನಾಲ್ಕು ವರ್ಷ ತಡ್ಕೊಂಡಿದ್ದು ಯಾಕೆ ಕೃಪಮ್ಮ? ನಿಮ್ಮನ್ನ ನೋಡ್ಕೊಂಡೇ ತಾನೇ ತಡ್ಕೊಂಡಿದ್ದು. ನೀವು ಹೋಗಿದ್ರಿ ಅಂತ ಗೊತ್ತಿದ್ದಿದ್ರೆ ನಾನೂ ಹೋಗ್ತಿರ್ಲಿಲ್ವಾ?”

ಸಂಪೂರ್ಣಮ್ಮ ಚಪ್ಪಲಿ ಮೆಟ್ಟಿ ಹೊರಟುಹೋದರು. ಅವರ ಹಿಂದೆ ಇನ್ನೂ ಇಬ್ಬರು ಎದ್ದರು. ಮುಂದಿನ ವಾರ ಹನ್ನೊಂದು ಜನ ಬಂದರು, ಅದರ ಮುಂದಿನ ವಾರ ಏಳು. ದೇವದಾನರ ಗೆಳೆಯರಾಗಿದ್ದ ಒಬ್ಬ ಹಿರಿಯರು ಸಭೆಯಲ್ಲಿ ಎದುರಾದಾಗ ಕೃಪಾವತಿಗೆ ‘ಸ್ತೋತ್ರ’ ಎಂದು ವಂದಿಸುವುದನ್ನೂ ನಿಲ್ಲಿಸಿದರು.

ಲಿಡಿಯಾ ಆಸ್ಪತ್ರೆಯಿಂದ ನೇರವಾಗಿ ಜಿಗಣಿಗೆ ಹೋದಳು. ಅಕ್ಕನ ಒತ್ತಾಯಕ್ಕೆ ಪೊಲೀಸಿಗೆ ದೂರು ಕೊಟ್ಟಳು. ಕೃಪಾವತಿಯೂ ಠಾಣೆಗೆ ಹೋಗಿ, ಮೊದಲಿನಿಂದ ತಮಗೆ ತಿಳಿದದ್ದನ್ನು ಹೇಳಿಕೆ ಕೊಟ್ಟರು. ಪ್ರಶಾಂತ್ ಮೂರು ವಾರ ಒಳಗಿದ್ದು ಜಾಮೀನಿನ ಮೇಲೆ ಹೊರಬಂದ. ಕೇಸು ಇನ್ನೂ ನಡೆಯುತ್ತಿದೆ. ದವಡೆ ಕೂಡಿಕೊಂಡಿತು. ಕಿವಿ ಸರಿಹೋಗಲಿಲ್ಲ. ಜಿಗಣಿಯಲ್ಲೇ ಒಂದು ಗಾರ್ಮೆಂಟ್ಸಿನಲ್ಲಿ ಲಿಡಿಯಾಗೆ ಕೆಲಸ ಸಿಕ್ಕಿತು. ಸೂಪರ್‌ವೈಸರ್ ಎಡಗಡೆ ನಿಂತು ಕರೆದರೆ ಕೇಳಿಸದೆ, ಬೇಕೆಂದೇ ಸುಮ್ಮನಿದ್ದಾಳೆಂದು ಮೊದಲೆರಡು ವಾರ ಬೈಸಿಕೊಂಡಳು.

ಕೃಪಾವತಿ ಹನ್ನೊಂದನೇ ಪಾಠವನ್ನು ಹೊಸದಾಗಿ ಬರೆದರು. ಮೂರು ತಿಂಗಳು ಹಿಡಿಯಿತು. ದಾಸಿಯ ಕಥೆಯ ಎರಡೂ ಭಾಗ, ತುಮಕೂರಿನ ನಾಲ್ಕು ತಿಂಗಳು, ಕೊನೆಗೆ ಹೆಂಗಸರ ಸಹಾಯವಾಣಿಯ ನಂಬರು. ನಡುವೆ ಅರ್ಧ ಪುಟದಷ್ಟು, ಹೆಸರು ಹಾಕದೆ, ತಮ್ಮ ಮಾತು ನಂಬಿ ನೊಂದ ಒಬ್ಬ ತಂಗಿಯ ಕ್ಷಮೆ ಕೇಳಿದ್ದರು. ಅಚ್ಚಿಗೆ ಕೊಡುವ ಮೊದಲು ಅದನ್ನು ತೆಗೆದುಕೊಂಡು ಜಿಗಣಿಗೆ ಹೋದರು.

ಭಾನುವಾರ ಮಧ್ಯಾಹ್ನ. ಲಿಡಿಯಾ ಮೆಟ್ಟಿಲ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ಹಾಳೆಗಳನ್ನು ತೆಗೆದುಕೊಂಡು ಎರಡು ಸಲ ಓದಿದಳು. ಒಳಗಿನಿಂದ ಪೆನ್ನು ತರಿಸಿ, ಆ ಅರ್ಧ ಪುಟದ ಮೇಲೆ ಅಡ್ಡಲಾಗಿ ಗೆರೆ ಎಳೆದಳು.

“ಇದು ಬೇಡ ಆಂಟಿ.”

“ಅದೇ ಮುಖ್ಯ ಅಂದ್ಕೊಂಡಿದ್ದೆ ನಾನು.”

“ಇದು ನಿಮ್ಗೋಸ್ಕರ ಬರ್ಕೊಂಡಿರೋದು. ಓದೋವ್ಳಿಗೆ ಇದ್ರಿಂದ ಏನಾಗ್ಬೇಕು? ಅವ್ಳು ನಿಮ್ಮ ಮೇಲೆ ಅಯ್ಯೋ ಅಂತ ಕೂತ್ಕೋತಾಳೆ. ಅವಳಿಗೆ ಆ ನಂಬರ್ ಬೇಕು. ಅದನ್ನ ಇನ್ನೂ ದೊಡ್ಡದಾಗಿ ಹಾಕ್ಸಿ, ಮೇಲ್ಗಡೆ.”

ಕೃಪಾವತಿ ಹಾಳೆ ಮಡಚಿಕೊಂಡರು. “ನನ್ನ ಕ್ಷಮಿಸಿದ್ದೀಯೇನಮ್ಮ?” ಎಂದು ಕೇಳಬೇಕೆಂದು ಅಷ್ಟು ದೂರ ಬಂದಿದ್ದರು. ಕೇಳಲಿಲ್ಲ. ಲಿಡಿಯಾ ಮಗಳ ಜಡೆಗೆ ರಿಬ್ಬನ್ ಕಟ್ಟಿ, ಕಾಫಿ ಕುಡಿದು ಹೋಗಿ ಎಂದಳು. ಕಾಫಿ ತಂದು ಅವರ ಮುಂದಿಟ್ಟು, ಅವರ ಎಡಕ್ಕೆ ಬಂದು ಕೂತಳು, ಕೇಳಿಸುವ ಕಿವಿ ಅವರ ಕಡೆಗಿರುವಂತೆ.

ಸೋಮವಾರ ಬೆಳಿಗ್ಗೆ ಗುರುರಾಜರ ಪ್ರೆಸ್ಸಿನಲ್ಲಿ ಕೃಪಾವತಿ ಹಾಳೆಗಳನ್ನು ಕೊಟ್ಟರು. ಗೆರೆ ಎಳೆದಿದ್ದ ಭಾಗವನ್ನು ತೋರಿಸಿ ಗುರುರಾಜ್, “ಇದು ಚೆನ್ನಾಗೈತಲ್ರೀ ಅಮ್ಮ, ಓದಿದ್ರೆ ಕಣ್ಣಾಗ ನೀರು ಬರ್ತದೆ. ತೆಗೀಲಾ?” ಎಂದು ಕೇಳಿದರು.

“ತೆಗೀರಿ,” ಎಂದರು ಕೃಪಾವತಿ.